ದುಡಿಮೆಯ ಅಳತೆ: ಕೂರಿಗೆಯಿಂದ ಸೊಂಟದ ಯಂತ್ರದವರೆಗೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದ ಹಿರಿಯರು ಹೊಲದ ವಿಸ್ತಾರವನ್ನು ಎಕರೆಗಿಂತ ಕೂರಿಗೆಯಲ್ಲಿ ಹೇಳುವುದೇ ಹೆಚ್ಚು. ಎತ್ತು ಹೂಡಿ ಒಂದು ದಿನದಲ್ಲಿ ಬಿತ್ತಿ ಮುಗಿಸುವಷ್ಟು ನೆಲ ಒಂದು ಕೂರಿಗೆ. ದೂರಕ್ಕೆ ಕೂಗಳತೆ, ಹರದಾರಿ. ನೆಲದ ಲೆಕ್ಕದೊಳಗೇ ಮನುಷ್ಯರ ಮತ್ತು ಎತ್ತಿನ ದುಡಿಮೆಯ ಲೆಕ್ಕ ಸೇರಿಕೊಂಡಿತ್ತು.

ದುಡಿಯುವ ದೇಹಕ್ಕೇ ಯಂತ್ರ ಕಟ್ಟಿ ಅಳೆಯುವ ಪದ್ಧತಿ ಜನರ ನಡುವೆ ಬಂದದ್ದು ಈಚೆಗೆ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಮಾಪಕವನ್ನು ಮಾರಾಟಕ್ಕೆ ತಂದಿತು. ಹೆಸರು ಮಾನ್ಪೊಕೆ, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಇಂದು ಎಲ್ಲರ ಬಾಯಲ್ಲಿರುವ ಹತ್ತು ಸಾವಿರ ಹೆಜ್ಜೆಯ ಮಾತು ವೈದ್ಯರ ಸಂಶೋಧನೆಯಿಂದಲ್ಲ, ಈ ಹೆಸರಿನಿಂದ ಹರಡಿತು. ನಮ್ಮ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯವರ ಜೊತೆ ದಂಡಿಗೆ ನಡೆದದ್ದು 24 ದಿನ, ಸುಮಾರು 385 ಕಿಲೋಮೀಟರ್. ಹೆಜ್ಜೆಗೆ ಮುಕ್ಕಾಲು ಮೀಟರ್ ಎಂದು ಹಿಡಿದರೆ, ವಿಶ್ರಾಂತಿಯ ದಿನಗಳೂ ಸೇರಿ, ದಿನಕ್ಕೆ 21 ಸಾವಿರ ಹೆಜ್ಜೆ ದಾಟುತ್ತದೆ. ಅವರ ಸೊಂಟದಲ್ಲಿ ಯಾವ ಮಾಪಕವೂ ಇರಲಿಲ್ಲ.

ಹೆಜ್ಜೆ ಎಣಿಸಿದರೆ ನಡಿಗೆಯ ಬಿರುಸು ತಿಳಿಯದು. ಅದಕ್ಕಾಗಿ ಬಂದದ್ದು ಆಕ್ಸೆಲೆರೋಮೀಟರ್. ದೇಹದ ವೇಗ ಕ್ಷಣಕ್ಷಣಕ್ಕೂ ಎಷ್ಟು ಏರಿಳಿಯುತ್ತದೆ ಎಂಬುದನ್ನು ಅದು ಎಣಿಕೆಯಾಗಿ ದಾಖಲಿಸುತ್ತದೆ. ಸುಮ್ಮನೆ ಕುಳಿತಾಗಿನ ಶಕ್ತಿಯ ಖರ್ಚನ್ನು ಒಂದು ಮೆಟ್ ಎಂದು ಹಿಡಿದು, 3ರಿಂದ 6 ಮೆಟ್‌ವರೆಗಿನದು ಮಧ್ಯಮ, ಅದರಾಚೆಯದು ತೀವ್ರ ಚಟುವಟಿಕೆ ಎನ್ನುತ್ತಾರೆ. 1998ರಲ್ಲಿ ಅಮೆರಿಕದ ಪ್ಯಾಟಿ ಫ್ರೀಡ್ಸನ್ ಮತ್ತು ಸಂಗಡಿಗರು 50 ಜನರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ, ಓಡಿಸಿ, ನಿಮಿಷಕ್ಕೆ 1952 ಎಣಿಕೆ ದಾಟಿದರೆ ಮಧ್ಯಮ, 5725 ಮುಟ್ಟಿದರೆ ತೀವ್ರ ಎಂಬ ಗೆರೆ ಹಾಕಿದರು. ಆ ಗೆರೆಗಳನ್ನು ಬಹಳ ದೇಶಗಳ ಸಂಶೋಧಕರು ಬಳಸಿದರು.

ಕರ್ನಾಟಕದಲ್ಲಿಯೂ ಈ ಕೆಲಸ ನಡೆದಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಮಕ್ಕಳಿಗೆ ಯಂತ್ರ ಕಟ್ಟಿ, ಅದರ ಲೆಕ್ಕವನ್ನು ತಂದೆತಾಯಿ ಹೇಳಿದ್ದರ ಜೊತೆ ಹೋಲಿಸಿ 2009ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಸೇಂಟ್ ಜಾನ್ಸ್‌ನ ಮಾರಿಯೋ ವಾಜ್, ಅನುರಾ ಕುರ್ಪಾಡ್ ಮೊದಲಾದವರು ಯಂತ್ರ, ದಿನಚರಿ, ಹೃದಯಬಡಿತ, ಪ್ರಶ್ನಾವಳಿ ಈ ನಾಲ್ಕನ್ನೂ ಒಟ್ಟಿಗಿಟ್ಟು ನೋಡಿದರು. ನನಗೆ ಹೆಚ್ಚು ಮುಖ್ಯವೆನಿಸುವುದು ವಾಜ್ ಅವರು 2005ರಲ್ಲಿ ಸಂಗಡಿಗರೊಂದಿಗೆ ಮಾಡಿದ ಸಂಕಲನ. ಯಾವ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಬೇಕೆಂಬುದನ್ನು ಅದರಲ್ಲಿ ಒಟ್ಟುಗೂಡಿಸಿದ್ದಾರೆ.

ಇದು ಏಕೆ ಮುಖ್ಯವೆಂದರೆ, ಸೊಂಟದ ಯಂತ್ರಕ್ಕೆ ನಡಿಗೆ ಚೆನ್ನಾಗಿ ತಿಳಿಯುತ್ತದೆ, ಹೊರೆ ತಿಳಿಯುವುದಿಲ್ಲ. ಬರಿಗೈಯಲ್ಲಿ ಬರುವವಳಿಗೂ ತಲೆಯ ಮೇಲೆ ಮೇವಿನ ಹೊರೆ ಹೊತ್ತು ಬರುವವಳಿಗೂ ಅದು ಹೆಚ್ಚುಕಡಿಮೆ ಒಂದೇ ಲೆಕ್ಕ ಕೊಟ್ಟೀತು. ಕುಕ್ಕರಗಾಲಲ್ಲಿ ಕುಳಿತು ಸಾಲುಸಾಲಾಗಿ ಕಸ ತೆಗೆಯುವವಳು ಯಂತ್ರದ ಕಣ್ಣಿಗೆ ಬಹುಪಾಲು ಸುಮ್ಮನೆ ಕುಳಿತವಳು. ಧಾರವಾಡದ ಕಟರಕಿಯವರು 1972ರಲ್ಲಿ ವರಲಕ್ಷ್ಮಿ ಹತ್ತಿಯನ್ನು ಕೊಟ್ಟ ಮೇಲೆ ನಮ್ಮ ಸೀಮೆಯಲ್ಲಿ ಹತ್ತಿ ಬೀಜೋತ್ಪಾದನೆ ಬೆಳೆಯಿತು. ಸಂಜೆ ಮೊಗ್ಗಿನ ಕೇಸರ ಕೀಳುವುದು, ಮರುದಿನ ಬೆಳಿಗ್ಗೆ ಗಂಡುಹೂವಿನ ಪರಾಗ ತಾಗಿಸುವುದು: ಈ ಕ್ರಾಸಿಂಗ್ ಕೆಲಸದಲ್ಲಿ ಬೆರಳು, ಕಣ್ಣು, ನಡು ದಣಿಯುತ್ತವೆ, ಸೊಂಟ ಅಲುಗುವುದು ಕಡಿಮೆ. ಈ ಹೆಂಗಸರಿಗೆ ಯಂತ್ರವನ್ನಷ್ಟೇ ಕಟ್ಟಿ, ಚಟುವಟಿಕೆ ಸಾಲದೆಂದು ಯಾರಾದರೂ ಬರೆದರೆ ಅದನ್ನು ನಾವು ಒಪ್ಪಬೇಕಾಗಿಲ್ಲ.

ನಮ್ಮ ಶಾಲೆಯ 50 ವರ್ಷಗಳಲ್ಲಿ ಮಕ್ಕಳ ದಾರಿಯೂ ಬದಲಾಗಿದೆ. ಮೊದಲ ತಂಡಗಳವರು ಸುತ್ತಲಿನ ಹಳ್ಳಿಗಳಿಂದ ನಡೆದು ಬಂದರು. 2006-07ರಲ್ಲಿ ಸರ್ಕಾರದ ಉಚಿತ ಬೈಸಿಕಲ್ ಯೋಜನೆ ಬಂತು. ಈಗ ಬಸ್ಸು, ಟಂಟಂ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮಧ್ಯಮದಿಂದ ತೀವ್ರ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಂದಿನ ಮಕ್ಕಳು ಅಷ್ಟು ಮಾಡುತ್ತಾರೆಯೇ ಎಂಬುದನ್ನು ಖಂಡಿತ ಅಳೆಯಬೇಕು. ಅಳೆಯುವಾಗ ಯಂತ್ರದ ಜೊತೆ ಒಂದು ವಹಿಯೂ ಇರಲಿ. ಎದುರುಗಾಳಿಯಲ್ಲಿ ಏದುಸಿರು ಬಿಟ್ಟು ಸೈಕಲ್ ತುಳಿದು ಬಂದ ಹುಡುಗಿಯ ಸೊಂಟದ ಯಂತ್ರ ಆ ದಾರಿಗೆ ಕೊಡುವ ಎಣಿಕೆ ತೀರ ಕಡಿಮೆ. ಅವಳು ಯಾವ ಊರಿನಿಂದ, ಹೇಗೆ ಬಂದಳೆಂಬುದನ್ನು ವಹಿಯಲ್ಲಿ ಅವಳೇ ಬರೆಯಬೇಕಾಗುತ್ತದೆ.