ಗೊಮ್ಮಟನ ಎತ್ತರವೂ ನಮ್ಮ ಎಂಟನೆಯ ತರಗತಿಯ ರೇಖಾಗಣಿತವೂ

ಗೊಮ್ಮಟೇಶ್ವರನ ಎತ್ತರವೆಷ್ಟು ಎಂದು ಕೇಳಿದರೆ ನಮ್ಮ ಹಾಸನ ಜಿಲ್ಲೆಯ ಯಾವ ಮಗುವಾದರೂ 57 ಅಡಿ ಎಂದೋ 58 ಅಡಿ ಎಂದೋ ತಡವರಿಸದೆ ಹೇಳುತ್ತದೆ. ಅದು ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ ಮಾತ್ರ ಮೌನ. ಪುಸ್ತಕದಲ್ಲಿದೆ, ಮೇಷ್ಟ್ರು ಹೇಳಿದರು, ಅಷ್ಟೆ. ಹೊಳೆನರಸೀಪುರದಲ್ಲಿ ಗಣಿತ ಕಲಿಸುತ್ತಿದ್ದ ವರ್ಷಗಳಲ್ಲಿ ‘ಸಮರೂಪ ಆಕೃತಿಗಳು’ ಎಂಬ ಪಾಠಕ್ಕೆ ನಾನು ಈ ಎರಡನೆಯ ಪ್ರಶ್ನೆಯಿಂದಲೇ ಪೀಠಿಕೆ ಹಾಕುತ್ತಿದ್ದೆ. ನನ್ನಲ್ಲಿ ಕಲಿತವರಿಗೆ ಇದು ನೆನಪಿರಬಹುದು. ಆ ಎತ್ತರದ ಚರಿತ್ರೆಯನ್ನೂ, ಅದರ ಜೊತೆಗೆ ಬಹುಕಾಲದಿಂದ ಹೇಳದೆ ಉಳಿಸಿಕೊಂಡಿದ್ದ ಒಂದು ಸಂಗತಿಯನ್ನೂ ಇಂದು ಬರೆಯುತ್ತಿದ್ದೇನೆ.

ಗಂಗರ ಮಂತ್ರಿ ಚಾವುಂಡರಾಯನು ಈ ಮೂರ್ತಿಯನ್ನು ಮಾಡಿಸಿದ್ದು ಸುಮಾರು ಕ್ರಿ.ಶ. 981ರಲ್ಲಿ. ಅದರ ಎತ್ತರವನ್ನು ಅಡಿ ಇಂಚುಗಳಲ್ಲಿ ಬರೆದಿಡುವ ಗೀಳು ಹತ್ತಿದ್ದು ಇಂಗ್ಲಿಷರಿಗೆ. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯನ್ನು ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್ 70 ಅಡಿ 3 ಇಂಚು ಎಂದು ಬರೆದ. ಮುಂದೆ ವೆಲಿಂಗ್ಟನ್ನಿನ ಡ್ಯೂಕನೆನಿಸಿದ ಆರ್ಥರ್ ವೆಲ್ಲೆಸ್ಲಿಯ ಹೆಸರಿನಲ್ಲಿ ಬಂದಿರುವ ಅಳತೆ 60 ಅಡಿ 3 ಇಂಚು. ಎರಡನ್ನೂ ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ನೋಡಿ. ಹತ್ತು ಅಡಿಯ ವ್ಯತ್ಯಾಸ. ಆದರೆ ಮೂರು ಇಂಚು ಮಾತ್ರ ಎರಡರಲ್ಲೂ ಕದಲದೆ ಕುಳಿತಿದೆ! ಇಬ್ಬರು ಬೇರೆ ಬೇರೆಯಾಗಿ ಅಳೆದರೆ ಹೀಗಾಗುವುದಿಲ್ಲ. ಒಂದೇ ಅಳತೆಯನ್ನು ಯಾರೋ ನಕಲು ಮಾಡುವಾಗ ಒಂದು ಅಂಕಿ ಜಾರಿದೆ ಎಂದೇ ನನ್ನ ಗುಮಾನಿ. ಮೂವತ್ತಕ್ಕೂ ಹೆಚ್ಚು ವರ್ಷ ಉತ್ತರಪತ್ರಿಕೆ ತಿದ್ದಿದವನಿಗೆ ಈ ಜಾತಿಯ ತಪ್ಪು ದೂರದಿಂದಲೇ ವಾಸನೆ ಹೊಡೆಯುತ್ತದೆ. ಕೊನೆಗೆ 1865ರಲ್ಲಿ ಮೈಸೂರಿನ ಚೀಫ್ ಕಮಿಷನರ್ ಆಗಿದ್ದ ಬೌರಿಂಗ್ ಸರಿಯಾಗಿ ಅಳೆಯಿಸಿದಾಗ ಸಿಕ್ಕಿದ್ದು 57 ಅಡಿ.

ಹದಿಮೂರು ಅಡಿ ಹೆಚ್ಚು ಬರೆದರೆ ಏನು ಮಹಾ ಎಂದು ಮಕ್ಕಳು ಕೇಳುತ್ತಿದ್ದರು. ಅಲ್ಲಿಯೇ ಪಾಠ ಹಿಡಿಯಬೇಕು. 70ಕ್ಕೂ 57ಕ್ಕೂ ಇರುವ ಅನುಪಾತ ಸುಮಾರು 1.23. ಎತ್ತರ 1.23 ಪಟ್ಟಾದರೆ, ಆಕಾರ ಕೆಡದಿರಬೇಕಾದರೆ ಅಗಲವೂ ಅಷ್ಟೇ ಪಟ್ಟು, ದಪ್ಪವೂ ಅಷ್ಟೇ ಪಟ್ಟು ಆಗಬೇಕು. ಮೂರನ್ನೂ ಗುಣಿಸಿದರೆ ಕಲ್ಲು ಸುಮಾರು 1.86 ಪಟ್ಟು. ಅಂದರೆ ಬುಕಾನನ್ನನ ಬರಹದಲ್ಲಿರುವುದು ಹದಿಮೂರಡಿ ಹೆಚ್ಚಿನ ಗೊಮ್ಮಟನಲ್ಲ, ಹೆಚ್ಚುಕಡಿಮೆ ಎರಡು ಗೊಮ್ಮಟರು. ಕಾರ್ಕಳದ ಮೂರ್ತಿ (1432) 42 ಅಡಿ. ಕೇಳಿದವರಿಗೆ ನಮ್ಮದಕ್ಕಿಂತ ತುಸು ಚಿಕ್ಕದು ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಬೆಳಗೊಳದ ಕಲ್ಲಿನಲ್ಲಿ ಎರಡೂವರೆ ಕಾರ್ಕಳಗಳಿವೆ. 35 ಅಡಿಯ ವೇಣೂರಿನವಾದರೆ (1604) ನಾಲ್ಕಕ್ಕೂ ಮಿಗಿಲು. ‘ಎಷ್ಟು ಪಟ್ಟು’ ಎಂಬ ಒಂದೇ ಸಂಖ್ಯೆ ಉದ್ದಕ್ಕೆ ಒಮ್ಮೆ, ವಿಸ್ತೀರ್ಣಕ್ಕೆ ಎರಡು ಸಲ, ಘನಫಲಕ್ಕೆ ಮೂರು ಸಲ ಬಂದು ಕೂರುತ್ತದೆ ಎಂಬುದನ್ನು ಚೌಕ, ಘನಗಳ ಚಿತ್ರ ಬರೆದು ಹೇಳಿದಾಗ ನೋಟ್‌ಬುಕ್ಕಿಗೆ ಇಳಿಯುತ್ತಿತ್ತು. ಗೊಮ್ಮಟನ ಮೂಲಕ ಹೇಳಿದಾಗ ಮನಸ್ಸಿಗೆ ಇಳಿಯಿತು.

ಇನ್ನು ಎತ್ತಲಾರದ, ಹತ್ತಲಾರದ ವಸ್ತುವನ್ನು ಅಳೆಯುವುದು ಹೇಗೆ? ನೆರಳಿನಿಂದ. ಶಾಲೆಯ ಧ್ವಜಸ್ತಂಭವನ್ನು ಹಾಗೆಯೇ ಅಳೆಯುತ್ತಿದ್ದೆವು. ಮೂರಡಿಯ ಕೋಲಿನ ನೆರಳು ಎರಡಡಿ ಇದ್ದಾಗ ಕಂಬದ ನೆರಳು ಹನ್ನೆರಡಡಿ ಇದ್ದರೆ ಕಂಬ ಹದಿನೆಂಟು ಅಡಿ. ಕೋಲು ಮತ್ತು ಅದರ ನೆರಳು, ಕಂಬ ಮತ್ತು ಅದರ ನೆರಳು, ಇವೆರಡೂ ಸಮರೂಪ ತ್ರಿಭುಜಗಳು. ಇದನ್ನು ಥೇಲ್ಸ್ ಎಂಬ ಗ್ರೀಕನ ಹೆಸರಿನಲ್ಲಿ ಕಲಿಸುತ್ತೇವೆ, ತಪ್ಪೇನಿಲ್ಲ. ಆದರೆ ಆರ್ಯಭಟನು ದೀಪ ಮತ್ತು ಶಂಕುವಿನ ನೆರಳಿನ ಲೆಕ್ಕಗಳನ್ನು ಕೊಟ್ಟಿದ್ದಾನೆಂಬುದೂ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ‘ಛಾಯಾವ್ಯವಹಾರ’ವೆಂದು ನೆರಳಿಗೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆಂಬುದೂ ನಮ್ಮ ಮಕ್ಕಳಿಗೆ ತಿಳಿಯಬೇಡವೇ? ಗೊಮ್ಮಟನನ್ನು ಕಡೆಯುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲಿನ ಮಾತು ಇದು. ಹನ್ನೆರಡನೆಯ ಶತಮಾನದ ರಾಜಾದಿತ್ಯನಂತೂ ಕ್ಷೇತ್ರಗಣಿತವನ್ನು ಕನ್ನಡದಲ್ಲಿಯೇ ಬರೆದ. ಇಬ್ಬರೂ ಜೈನರು. ಗಣಿತ ನಮಗೆ ಹೊರಗಿನಿಂದ ಬಂದ ಕಬ್ಬಿಣದ ಕಡಲೆಯೆಂದು ನಂಬಿದ ಮಕ್ಕಳ ಮುಂದೆ ಈ ಹೆಸರುಗಳನ್ನು ಹೇಳುವಾಗ ನನಗೆ ಒಂದು ಬಗೆಯ ಹುಮ್ಮಸ್ಸು ಬರುತ್ತಿದ್ದುದುಂಟು.

ಒಮ್ಮೆ ಚನ್ನರಾಯಪಟ್ಟಣದ ಮೇಲೆ ಮಕ್ಕಳನ್ನು ಬೆಳಗೊಳಕ್ಕೆ ಕರೆದೊಯ್ದಾಗ ಗೊಮ್ಮಟನ ನೆರಳನ್ನೇ ಅಳೆಯಿಸುವ ಉತ್ಸಾಹದಲ್ಲಿ ಮೂರಡಿಯ ಕೋಲನ್ನೂ ದೊಡ್ಡಬೆಟ್ಟಕ್ಕೆ ಹೊರಿಸಿದ್ದೆ. ಅಷ್ಟು ಮೆಟ್ಟಿಲು ಹತ್ತಿ ನೋಡಿದರೆ, ಬೆಳಗಿನ ನೆರಳು ನೆಲದ ಮೇಲೆ ಸ್ವಲ್ಪ ದೂರ ಹೋಗಿ ಸುತ್ತಾಲಯದ ಗೋಡೆಗೆ ಹತ್ತಿ ಮುರಿದುಹೋಗಿತ್ತು. ಆ ಸುತ್ತಾಲಯವನ್ನು ಕಟ್ಟಿಸಿದವನು ವಿಷ್ಣುವರ್ಧನನ ದಂಡನಾಯಕ ಗಂಗರಾಜ. ಎಂಟುನೂರು ಚಿಲ್ಲರೆ ವರ್ಷಗಳ ನಂತರ ಬರುವ ಒಬ್ಬ ಗಣಿತದ ಮೇಷ್ಟ್ರಿಗಾಗಿ ಅವನು ಜಾಗ ಬಿಟ್ಟಿರಲಿಲ್ಲ. ಕೋಲು ಹೊತ್ತ ಹುಡುಗರು ಇಳಿಯುವಾಗ ನನ್ನ ಮುಖ ನೋಡಿ ನಗು ತಡೆದುಕೊಂಡದ್ದು ಈಗಲೂ ಕಣ್ಣಿಗೆ ಕಟ್ಟಿದೆ.

ಹೀಗಾಗಿ ಪುಸ್ತಕಕ್ಕೆ ಮರಳಿದೆ. 1871ರ ಮಸ್ತಕಾಭಿಷೇಕಕ್ಕೆ ಅಟ್ಟಣಿಗೆ ಕಟ್ಟಿದಾಗ ಮೈಸೂರು ಸರ್ಕಾರದ ಅಧಿಕಾರಿಗಳು ಮೂರ್ತಿಯ ಒಂದೊಂದು ಅಂಗವನ್ನೂ ಅಳೆದು ಪಟ್ಟಿ ಮಾಡಿದರು. ಕಿವಿಯ ಕೆಳತುದಿಯವರೆಗೆ 50 ಅಡಿ, ಅಲ್ಲಿಂದ ನೆತ್ತಿಗೆ ಸುಮಾರು ಆರೂವರೆ ಅಡಿ. ಪಾದದ ಉದ್ದ 9 ಅಡಿ, ಪಾದದ ಮುಂಭಾಗದ ಅಗಲ ನಾಲ್ಕೂವರೆ ಅಡಿ. ಭುಜದಿಂದ ಭುಜಕ್ಕೆ 26 ಅಡಿ. ತೋರುಬೆರಳು 3 ಅಡಿ 6 ಇಂಚು, ನಡುಬೆರಳು 5 ಅಡಿ 3 ಇಂಚು. ಈ ಪಟ್ಟಿಯನ್ನು ಹಲಗೆಯ ಮೇಲೆ ಬರೆದು, ಗೊಮ್ಮಟ ನಮಗೆ ಸಮರೂಪನೋ ಅಲ್ಲವೋ ಪರೀಕ್ಷಿಸಿ ಎನ್ನುತ್ತಿದ್ದೆ. ತರಗತಿಯೇ ಸಂತೆಯಾಗುತ್ತಿತ್ತು. ಐದಡಿ ಎತ್ತರದ ಹುಡುಗನ ಪಾದ ಒಂಬತ್ತು ಇಂಚು ಇದ್ದರೆ ಪಾದದ ಲೆಕ್ಕದಲ್ಲಿ ಗೊಮ್ಮಟ ಅವನ 12 ಪಟ್ಟು. ಎತ್ತರದ ಲೆಕ್ಕದಲ್ಲಿ 11.4 ಪಟ್ಟು. ಇಲ್ಲಿಯವರೆಗೆ ಚೆನ್ನ. ತೋರುಬೆರಳಿಗೆ ಬಂದರೆ 15 ಪಟ್ಟು ದಾಟುತ್ತದೆ. ಮೂರಿಂಚಿನ ನಡುಬೆರಳಿಗೆ 21 ಪಟ್ಟು! ತೋರುಬೆರಳಿಗಿಂತ ನಡುಬೆರಳು ಸರಿಯಾಗಿ ಒಂದೂವರೆ ಪಟ್ಟು ಉದ್ದವಿರುವ ಕೈ ಯಾವುದು? ಅಳೆದವರು ಒಂದನ್ನು ಬೆರಳಿನ ಬುಡದಿಂದಲೂ ಇನ್ನೊಂದನ್ನು ಅಂಗೈಯ ಮೇಲಿನಿಂದಲೂ ಹಿಡಿದಿರಬೇಕು ಎಂದು ಮಕ್ಕಳೇ ತೀರ್ಮಾನಿಸಿದರು. ಎಲ್ಲ ಅನುರೂಪ ಅಳತೆಗಳಿಗೂ ಒಂದೇ ಗುಣಕ ಬಂದರೆ ಮಾತ್ರ ಸಮರೂಪ, ಒಂದು ಬೆರಳು ತಪ್ಪಿದರೂ ಅಲ್ಲ ಎಂಬ ವ್ಯಾಖ್ಯೆಯನ್ನು ಆಮೇಲೆ ನಾನು ಬಾಯಿಪಾಠ ಮಾಡಿಸಬೇಕಾಗಿ ಬರಲಿಲ್ಲ.

ಶಿಲ್ಪಿಗಳ ಕ್ರಮವೂ ಇದೇ. ಅವರ ಅಂಗುಲ ಅಂಗಡಿಯ ಅಳತೆಪಟ್ಟಿಯಲ್ಲಿರುವುದಲ್ಲ. ನವತಾಳದ ಮೂರ್ತಿಯಾದರೆ ಅದರ ಎತ್ತರವನ್ನು 108 ಭಾಗ ಮಾಡಿ, ಆ ಒಂದು ಭಾಗವನ್ನೇ ಅಂಗುಲವೆಂದು ಹಿಡಿಯುತ್ತಾರೆ. ಹನ್ನೆರಡು ಅಂಗುಲ ಒಂದು ತಾಳ. ಇದಕ್ಕೆ ದೇಹಲಬ್ಧಾಂಗುಲವೆಂದು ಹೆಸರು. ಗೇಣುದ್ದದ ಮೂರ್ತಿಗೂ ಬೆಟ್ಟದೆತ್ತರದ ಮೂರ್ತಿಗೂ ಪಾಠ ಒಂದೇ, ಅಂಗುಲ ಮಾತ್ರ ಬೇರೆ.

ಈಗ ನಾನು ಹೇಳಬೇಕೆಂದಿದ್ದ ಸಂಗತಿ. 1993ರ ಡಿಸೆಂಬರಿನಲ್ಲಿ ಮಹಾಮಸ್ತಕಾಭಿಷೇಕ. ಜಿಲ್ಲೆಯಲ್ಲೆಲ್ಲ ಅದೇ ಮಾತು. ಅಂಗಡಿ ಅಂಗಡಿಯಲ್ಲೂ ಗೊಮ್ಮಟನ ಪಟ. ಎಂಟನೆಯ ತರಗತಿಗೆ ಒಂದೇ ಬಗೆಯ ಪಟದ ಕೆಲವು ಪ್ರತಿಗಳನ್ನು ತಂದು ಹಂಚಿ, “ಫೋಟೋ ಎಂದರೆ ಸಮರೂಪ ಆಕೃತಿ. ಪಾದದ ಅಗಲ ನಾಲ್ಕೂವರೆ ಅಡಿ. ಪಟದಿಂದ ಎತ್ತರ ಕಂಡುಹಿಡಿಯಿರಿ” ಎಂದೆ. ಪಟದಲ್ಲಿ ಪಾದದ ಅಗಲ 9 ಮಿಲಿಮೀಟರ್, ಅಂದರೆ ಒಂದು ಮಿಲಿಮೀಟರಿಗೆ 6 ಇಂಚು. ಮೂರ್ತಿ 90 ಮಿಲಿಮೀಟರ್. ಎಲ್ಲರಿಗೂ 45 ಅಡಿ ಬಂತು. ಒಂದು ಮಿಲಿಮೀಟರ್ ತಪ್ಪಿದರೆ ಐದಾರು ಅಡಿ ತಪ್ಪುತ್ತದೆ, ಪಾದ ಅಳೆಯುವುದರಲ್ಲಿ ಎಡವಿದ್ದೀರಿ ಎಂದು ಹೇಳಿ ನಾನು ಮುಂದಕ್ಕೆ ಹೋದೆ.

ಒಬ್ಬ ಹುಡುಗ ಮಾತ್ರ ಎರಡು ಉತ್ತರ ಬರೆದಿದ್ದ. ಪಾದದಿಂದ 45 ಅಡಿ; ಹಲಗೆಯ ಮೇಲಿದ್ದ 26 ಅಡಿಯ ಭುಜದಿಂದ 60 ಅಡಿ. ಭುಜ ಪಟದಲ್ಲಿ 39 ಮಿಲಿಮೀಟರ್ ಇತ್ತು. ಒಂದು ಮಿಲಿಮೀಟರಿಗೆ 8 ಇಂಚು. ಕೆಳಗೆ, “ಈ ಪಟ ಸಮರೂಪವಲ್ಲ, ಕೆಳಗೊಂದು ಸ್ಕೇಲು ಮೇಲೊಂದು ಸ್ಕೇಲು ಇದೆ” ಎಂದು ಬರೆದಿದ್ದ. ನಾನು ಅದನ್ನು ಗಟ್ಟಿಯಾಗಿ ಓದಿ, “ಗೊಮ್ಮಟನಿಗೆ ಎರಡು ಸ್ಕೇಲೇನಯ್ಯಾ? ನಿನಗೆ ಬೇಕಾದ ಉತ್ತರ ಬರುವತನಕ ಅಳೀತಾ ಹೋಗ್ತೀಯಾ?” ಎಂದೆ. ತರಗತಿ ನಕ್ಕಿತು. ಅವನು “ಇಲ್ಲ ಸಾರ್, ಎರಡು ಸಲ ಅಳೆದೆ” ಎಂದಷ್ಟೇ ಹೇಳಿ ಕುಳಿತ. ಐದಕ್ಕೆ ಸೊನ್ನೆ ಹಾಕಿದೆ.

ಅವನು ಹೇಳಿದ್ದು ಸರಿ ಎಂದು ನನಗೆ ತಿಳಿಯಲು ವರ್ಷಗಳು ಬೇಕಾಗಲಿಲ್ಲ. ಮರುವಾರ ಮನೆಯಲ್ಲಿ ಅದೇ ಪಟವನ್ನು ಮುಂದಿಟ್ಟುಕೊಂಡು ಭುಜ ಅಳೆದೆ. ಮೂವತ್ತೊಂಬತ್ತೇ. ಒಂದು ಕಾಗದದ ಮೇಲೆ ಕ್ಯಾಮೆರಾ, ಪಾದ, ಭುಜ ಮೂರನ್ನೂ ಗುರುತಿಸಿ ಗೆರೆ ಎಳೆದಾಗ ವಿಷಯ ಹೊಳೆಯಿತು. ಮಾರನೆಯ ದಿನ ತರಗತಿಯಲ್ಲಿ ಅದನ್ನು ಹೇಳಬೇಕಿತ್ತು. ಹೇಳಲಿಲ್ಲ. ಪಾಠ ಮುಗಿದಿದೆ, ಅರ್ಧವಾರ್ಷಿಕ ಪರೀಕ್ಷೆ ಹತ್ತಿರವಿದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಅಡ್ಡ ಬಂದದ್ದು ಮೇಷ್ಟ್ರ ಗತ್ತು. ಆ ಹುಡುಗ ಮುಂದಿನ ಎರಡು ವರ್ಷ ನನ್ನ ತರಗತಿಯಲ್ಲೇ ಇದ್ದ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ತಾನಾಗಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

2018ರ ಮಸ್ತಕಾಭಿಷೇಕದಲ್ಲಿ ಅಟ್ಟಣಿಗೆ ಏರುವ ಅವಕಾಶ ಸಿಕ್ಕಿತು. ಕೆಳಗಿನಿಂದ ಹದವಾಗಿ ಕಾಣುವ ಆ ಭುಜಗಳು ಸಮಕ್ಕೆ ನಿಂತು ನೋಡಿದಾಗ ಎಷ್ಟು ವಿಶಾಲ! ಮೊಣಕಾಲಿನ ಕೆಳಭಾಗ ಗಿಡ್ಡವಾಯಿತು ಎಂದು ಬಲ್ಲವರು ಕೆಲವರು ಆಕ್ಷೇಪಿಸುವುದುಂಟು. ಪಾದದ ಬಳಿ ನಿಂತು ತಲೆಯೆತ್ತುವ ಭಕ್ತನ ಕಣ್ಣಿಗೆ ಮೇಲಿನದು ಕುಗ್ಗಿ ಕಾಣುತ್ತದೆಂದು ಬಲ್ಲ ಶಿಲ್ಪಿಯೇ ಹೀಗೆ ಕಡೆದಿರಬೇಕೆಂದು ನನಗೆ ಅನ್ನಿಸುತ್ತದೆ. ನನ್ನ ಪಕ್ಕದಲ್ಲಿದ್ದವರೊಬ್ಬರು ಎತ್ತರವೆಷ್ಟು ಎಂದು ಯಾರನ್ನೋ ಕೇಳುತ್ತಿದ್ದರು. ಈಚೆಗೆ ಥಿಯೋಡೊಲೈಟಿನಿಂದ ಅಳೆದಾಗ ಬಂದದ್ದು 58 ಅಡಿ 8 ಇಂಚು. ಅದೂ ತ್ರಿಭುಜವೇ.

ಆ ಹುಡುಗನ ಹೆಸರು ಬರೆಯುವುದಿಲ್ಲ. ಈಗ ಅವನಿಗೂ ನಲವತ್ತು ದಾಟಿರುತ್ತದೆ. ಇದನ್ನು ಓದಿದರೆ ತಾನೇ ಎಂದು ಅವನಿಗೆ ತಿಳಿಯುತ್ತದೆ. ಅವನಿಗಾಗಿ ಉಳಿದದ್ದನ್ನು ಬರೆಯುತ್ತೇನೆ.

ಅಪ್ಪಾ, ನಿನ್ನ ಎರಡೂ ಅಳತೆ ಸರಿಯಾಗಿದ್ದವು. ಪಟ ಸಮರೂಪವಾಗಬೇಕಾದರೆ ಕ್ಯಾಮೆರಾದ ಫಿಲ್ಮು ಮೂರ್ತಿಗೆ ಸಮಾನಾಂತರವಾಗಿರಬೇಕು. ಥೇಲ್ಸನ ಪ್ರಮೇಯದಲ್ಲಿ ‘ಒಂದು ಬಾಹುವಿಗೆ ಸಮಾನಾಂತರವಾಗಿ ಎಳೆದ ರೇಖೆ’ ಎಂದಿದೆಯಲ್ಲ, ಆ ಷರತ್ತೇ. ಪಟ ತೆಗೆದವನು ಕೆಳಗೆ ನಿಂತು ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದ್ದ, ಷರತ್ತು ಮುರಿಯಿತು. ಪಾದ ಹತ್ತಿರವಾಗಿ ಹಿರಿದಾಯಿತು, ಭುಜ ದೂರವಾಗಿ ಕಿರಿದಾಯಿತು. ನಿನ್ನ 6 ಇಂಚು ಮತ್ತು 8 ಇಂಚುಗಳ ಅನುಪಾತ 3:4. ಅಂದರೆ ಪಾದ ಕ್ಯಾಮೆರಾದಿಂದ ಮೂರು ಪಾಲು ದೂರದಲ್ಲಿದ್ದರೆ ಭುಜ ಸುಮಾರು ನಾಲ್ಕು ಪಾಲು ದೂರದಲ್ಲಿತ್ತು. ಭುಜದ ಎತ್ತರ ನಮಗೆ ಗೊತ್ತಿರುವುದರಿಂದ, ಆ ಪಟ ತೆಗೆದವನು ಮೂರ್ತಿಯಿಂದ ಐವತ್ತು ಅರವತ್ತು ಅಡಿ ದೂರದಲ್ಲಿ ನಿಂತಿದ್ದನೆಂದೂ ನಿನ್ನ ಉತ್ತರದಿಂದಲೇ ಹೇಳಬಹುದು. ಐದಕ್ಕೆ ಐದು.