ಬಂದೂಕು ಹಿಡಿದ ಹೆಣ್ಣುಮಕ್ಕಳು: ಚರಿತ್ರೆಯ ಒಂದು ಪಾಠ

ಮೊದಲು ಒಂದು ಚಿಕ್ಕ ಪ್ರಸಂಗ. ಪಾಠ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಹತ್ತಿರ ಬಂದು, "ಎನ್‌ಸಿಸಿ ಸೇರಿದ್ರ ಹುಡುಗ್ಯಾರಿಗೂ ರೈಫಲ್ ಹೊಡಿಲಿಕ್ಕೆ ಕಲಸ್ತಾರಂತ, ಖರೇ ಏನ್ರಿ?" ಎಂದು ಕೇಳಿದಳು. ಖರೆ ಎಂದೆ. "ಮನ್ಯಾಗ ಕೇಳಿದ್ರ, ಗಂಡುಬೀರಿ ಆಗ್ತೀ ಏನು ಅಂತ ನಾನಿ ಬೈದ್ರು" ಎಂದು ತಲೆ ತಗ್ಗಿಸಿದಳು. ಆ ಹಿರಿಯರ ಮೇಲೆ ನನಗೆ ಕೋಪವಿಲ್ಲ. ಅವರು ಕೇಳುತ್ತ ಬೆಳೆದ ಮಾತನ್ನೇ ಅವರು ಆಡಿದ್ದಾರೆ. ಆದರೆ ಆ ದಿನ ಹುಡುಗಿಗೆ ಸರಿಯಾದ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ನಾನು ಕಲಿಸುವ ಎರಡು ಭಾಷೆಗಳನ್ನೇ ನೋಡಿ. ಉರ್ದುವಿನಲ್ಲಿ ಧೈರ್ಯಕ್ಕೆ 'ಮರ್ದಾನಗಿ' ಎನ್ನುತ್ತೇವೆ, ಕನ್ನಡದಲ್ಲಿ 'ಗಂಡೆದೆ' ಎನ್ನುತ್ತೇವೆ. ಎರಡರಲ್ಲೂ ಧೈರ್ಯ ಗಂಡಸಿನ ಸೊತ್ತು. ಹೆಣ್ಣು ಅದನ್ನು ತೋರಿಸಿದರೆ ಆಪತ್ತಿನ ಕಾಲದಲ್ಲಿ 'ವೀರವನಿತೆ' ಆಗುತ್ತಾಳೆ, ಉಳಿದ ದಿನಗಳಲ್ಲಿ 'ಗಂಡುಬೀರಿ' ಆಗುತ್ತಾಳೆ. ಚರಿತ್ರೆಯಲ್ಲೂ ಇದೇ ಎರಡು ಮಾತು ಮರಳಿ ಮರಳಿ ಕೇಳಿಬರುತ್ತವೆ.

ಇದು ನಮ್ಮ ಧರ್ಮಕ್ಕೆ ಹೊರತಾದ ವಿಷಯ ಎನ್ನುವವರಿದ್ದಾರೆ. ಬಿಲ್ವಿದ್ಯೆಯನ್ನು ಕಲಿಯಿರಿ ಎಂದು ಪ್ರವಾದಿಯವರು (ಸ) ಪ್ರೋತ್ಸಾಹಿಸಿದ್ದು ಹದೀಸ್‌ಗಳಲ್ಲಿದೆ. ಕ್ರಿ.ಶ. 625ರ ಉಹುದ್ ಯುದ್ಧದಲ್ಲಿ ಗಾಯಾಳುಗಳಿಗೆ ನೀರು ಕೊಡಲು ಹೋಗಿದ್ದ ನುಸೈಬಾ ಬಿಂತ್ ಕಅಬ್ (ರ), ಸಂಕಟದ ಗಳಿಗೆಯಲ್ಲಿ ಖಡ್ಗ ಮತ್ತು ಬಿಲ್ಲು ಹಿಡಿದು ಪ್ರವಾದಿಯವರ ರಕ್ಷಣೆಗೆ ನಿಂತರು. ಉಮ್ಮು ಉಮಾರಾ ಎಂದು ಗೌರವದಿಂದ ನೆನೆಯುವುದು ಅವರನ್ನೇ.

ಮೊಘಲರ ಕಾಲಕ್ಕೆ ಬರೋಣ. ನೂರ್ ಜಹಾನ್ 1617ರಲ್ಲಿ ಆನೆಯ ಅಂಬಾರಿಯಲ್ಲಿ ಕುಳಿತು ಆರು ಗುಂಡುಗಳಲ್ಲಿ ನಾಲ್ಕು ಹುಲಿಗಳನ್ನು ಹೊಡೆದಳು. ಇದನ್ನು ಬರೆದಿಟ್ಟವನು ಸ್ವತಃ ಜಹಾಂಗೀರ್. ಅಲುಗಾಡುವ ಆನೆಯ ಮೇಲಿಂದ ಗುರಿ ಇಡುವುದು ಎಷ್ಟು ಕಷ್ಟವೆಂದು ಬೇಟೆಗಾರನಾದ ಅವನಿಗೆ ಗೊತ್ತಿತ್ತು. ಆದ್ದರಿಂದ ಪತ್ನಿಯ ಕೈಚಳಕವನ್ನು ಮುಚ್ಚಿಡದೆ ಹೆಮ್ಮೆಯಿಂದ ಹೇಳಿಕೊಂಡ. ಇಂದು ವನ್ಯಪ್ರಾಣಿ ಬೇಟೆ 1972ರ ಕಾಯ್ದೆಯಂತೆ ಅಪರಾಧ, ಅದು ಸರಿಯೂ ಹೌದು. ಇಲ್ಲಿ ನಾವು ನೋಡಬೇಕಾದದ್ದು ಆ ಗುರಿಯನ್ನು, ಅದನ್ನು ಒಪ್ಪಿಕೊಂಡ ಮನಸ್ಸನ್ನು.

ನಮ್ಮ ದಖ್ಖನಿನ ಚಾಂದ್ ಬೀಬಿಗೆ ಆ ಭಾಗ್ಯ ಸಿಗಲಿಲ್ಲ. ಅಹಮದ್‌ನಗರದ ಮಗಳು, ಬಿಜಾಪುರದ ಸೊಸೆ. ಪತಿ ಅಲಿ ಆದಿಲ್ ಶಾಹ 1580ರಲ್ಲಿ ಕೊಲೆಯಾದ ಮೇಲೆ ಬಾಲಕ ಇಬ್ರಾಹಿಂನ ಪರವಾಗಿ ರಾಜ್ಯಭಾರ ನೋಡಿದಳು. 1595-96ರಲ್ಲಿ ಮೊಘಲರು ಅಹಮದ್‌ನಗರ ಕೋಟೆಯ ಗೋಡೆಯನ್ನು ಸಿಡಿಸಿದಾಗ, ಮುಖಕ್ಕೆ ಪರದೆ ಹಾಕಿ ಖಡ್ಗ ಹಿಡಿದು ಬಿರುಕಿನಲ್ಲಿ ನಿಂತಳು. ರಾತ್ರೋರಾತ್ರಿ ಗೋಡೆ ಮತ್ತೆ ಎದ್ದಿತು. ಗುಂಡು ಮುಗಿದಾಗ ತೋಪಿಗೆ ನಾಣ್ಯ ತುಂಬಿಸಿ ಹಾರಿಸಿದಳೆಂಬ ಕಥೆಯೂ ಇದೆ. ಅಂದು ಎಲ್ಲರೂ ಹೊಗಳಿದರು. 1600ರಲ್ಲಿ ಮೊಘಲರು ಮತ್ತೆ ಮುತ್ತಿದಾಗ ಸಂಧಿಯ ಮಾತು ಎತ್ತಿದ್ದಕ್ಕೆ ದ್ರೋಹಿ ಎಂದು ಅನುಮಾನಿಸಿ, ಅವಳದೇ ಕೋಟೆಯ ಜನ ಅವಳನ್ನು ಕೊಂದರು. ಅವಳ ಶೌರ್ಯ ಅವರಿಗೆ ಬೇಕಿತ್ತು. ಅವಳ ತೀರ್ಮಾನದ ಮೇಲೆ ಮಾತ್ರ ನಂಬಿಕೆ ಇರಲಿಲ್ಲ.

ಓದು ಮತ್ತು ಗುರಿ ಎರಡೂ ಒಂದೇ ಮನೆಯಲ್ಲಿ ಇರಬಹುದೆಂಬುದಕ್ಕೆ ಭೋಪಾಲ ಸಾಕ್ಷಿ. ಅಲ್ಲಿನ ಸುಲ್ತಾನ್ ಜಹಾನ್ ಬೇಗಂ 1920ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿಯಾದರು. 1913ರಲ್ಲಿ ಜನಿಸಿದ ಅವರ ಮೊಮ್ಮಗಳು ಆಬಿದಾ ಸುಲ್ತಾನ್ ಕುರ್‌ಆನ್ ಕಲಿಯುತ್ತಲೇ ಕುದುರೆ ಸವಾರಿಯನ್ನೂ ಬಂದೂಕನ್ನೂ ಕಲಿತು, ಮುಂದೆ ವಿಮಾನವನ್ನೂ ಓಡಿಸಿದರು.

ಈ ಅನುಮಾನ ನಮ್ಮಲ್ಲಿ ಮಾತ್ರ ಎಂದು ತಿಳಿಯಬೇಡಿ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಹಾರುವ ಮಣ್ಣಿನ ಬಿಲ್ಲೆಗಳಿಗೆ ಗುಂಡು ಹೊಡೆಯುವ ಸ್ಕೀಟ್ ಸ್ಪರ್ಧೆ ಗಂಡಸರಿಗೂ ಹೆಂಗಸರಿಗೂ ಒಂದೇ ಇತ್ತು. ಚೀನಾದ ಝಾಂಗ್ ಶಾನ್ 225ಕ್ಕೆ 223 ಹೊಡೆದು ಎಲ್ಲ ಗಂಡಸರನ್ನೂ ಹಿಂದಿಕ್ಕಿ ಚಿನ್ನ ಗೆದ್ದಳು. ಮುಂದಿನ 1996ರ ಅಟ್ಲಾಂಟಾದಲ್ಲಿ ಸ್ಕೀಟ್ ಗಂಡಸರಿಗೆ ಮಾತ್ರ ಆಯಿತು. ಗೆದ್ದವಳಿಗೆ ತನ್ನ ಪದಕ ಉಳಿಸಿಕೊಳ್ಳುವ ಅವಕಾಶವೇ ಇರಲಿಲ್ಲ. ಮಹಿಳೆಯರ ಸ್ಕೀಟ್ ಬಂದದ್ದು 2000ದಲ್ಲಿ. ಅದೇ ಅಟ್ಲಾಂಟಾದಲ್ಲಿ ಹಿಜಾಬ್ ಧರಿಸಿದ ಶೂಟರ್ ಲಿದಾ ಫರೀಮಾನ್ ಇರಾನಿನ ಧ್ವಜ ಹಿಡಿದು ತನ್ನ ತಂಡದ ಮುಂದೆ ನಡೆದರು.

ಈ ಕ್ರೀಡೆಗೆ ಬೇಕಾದದ್ದೇನು? ಮಹಿಳೆಯರ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಗುರಿಯ ನಡುವಿನ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ. ಅದನ್ನು ಮುಟ್ಟಲು ತೋಳ್ಬಲಕ್ಕಿಂತ ಹಿಡಿತದಲ್ಲಿರುವ ಉಸಿರು, ಅಲುಗದ ಮನಸ್ಸು ಮತ್ತು ದಿನವೂ ಅಭ್ಯಾಸ ಬೇಕು. ರೈಫಲ್ ಸ್ಪರ್ಧಿಯ ದಪ್ಪ ಜಾಕೀಟು ಮೈತುಂಬ ಇರುವುದರಿಂದ ಉಡುಪಿನ ಚಿಂತೆಯೂ ದೊಡ್ಡದಲ್ಲ. ನಮ್ಮ ಕೊಡಗಿನಲ್ಲಿ ಗಂಡುಮಗು ಹುಟ್ಟಿದಾಗ ಒಂದು ಗುಂಡು ಹಾರಿಸಿ ಊರಿಗೆ ಸಾರುವ ಸಂಪ್ರದಾಯವಿತ್ತು. ಅದೇ ಕೊಡಗಿನಲ್ಲಿ ಇಂದು ಕೈಲ್‌ಪೋದ್ ಹಬ್ಬದ ವೇಳೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಹೆಣ್ಣುಮಕ್ಕಳೂ ಬಂದೂಕು ಎತ್ತುತ್ತಾರೆ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಕರ್ನಾಟಕದ ದಿವ್ಯಾ ಟಿ.ಎಸ್. ಎರಡು ಬೆಳ್ಳಿ ಗೆದ್ದರು. ಮನ್ನಾಏಖೇಳ್ಳಿಯಿಂದ ಬಸ್ಸಿನಲ್ಲಿ ಕೆಲವೇ ಗಂಟೆಗಳ ದಾರಿಯಾದ ಹೈದರಾಬಾದಿನ ಈಶಾ ಸಿಂಗ್ ಅದೇ ಕೂಟದಲ್ಲಿ ಒಂದು ಚಿನ್ನ, ಮೂರು ಬೆಳ್ಳಿ ತಂದರು. ಅವರಿಗೆ ಆಗ ಇನ್ನೂ ಹದಿನೆಂಟು ವರ್ಷ.

ಪೋಷಕರೇ, ಬಂದೂಕು ಆಟಿಕೆಯಲ್ಲ. ತರಬೇತುದಾರರ ಕಣ್ಣೆದುರು, ನಿಯಮದಂತೆಯೇ ಕಲಿಯಬೇಕು. ನಿಮ್ಮ ಆತಂಕ ಸುರಕ್ಷತೆಯ ಬಗ್ಗೆ ಇದ್ದರೆ ಅದು ನ್ಯಾಯ, ಆಗ ಮಗನಿಗೂ ಮಗಳಿಗೂ ಒಂದೇ ಪ್ರಶ್ನೆ ಕೇಳಿರಿ. ಮಗಳು ಎಂಬುದೊಂದೇ ಕಾರಣವಾದರೆ ಒಮ್ಮೆ ಯೋಚಿಸಿರಿ.

ನಮ್ಮ ಹುಮನಾಬಾದ್ ಸೀಮೆಯ ಜಲಸಂಗಿಯಲ್ಲಿ ಚಾಲುಕ್ಯರ ಕಾಲದ ಗುಡಿಯ ಗೋಡೆಯ ಮೇಲೆ ಶಾಸನ ಬರೆಯುತ್ತಿರುವ ಹೆಣ್ಣಿನ ಶಿಲ್ಪವಿದೆ. ಬೇಲೂರಿನ ಗುಡಿಯಲ್ಲಿ ಬಿಲ್ಲು ಹಿಡಿದ ಹೆಣ್ಣಿನ ಶಿಲ್ಪವಿದೆ. ಒಂದು ಕಾಲದಲ್ಲಿ ನಮ್ಮ ಮನೆಗಳಲ್ಲಿ ಹುಡುಗಿಗೆ ಓದು ಸಾಕು, ಬರೆಯಲು ಕಲಿಸಿದರೆ ಕೆಡುತ್ತಾಳೆ ಎಂದು ಹೆದರುತ್ತಿದ್ದರು. ಇಂದು ಅದೇ ಮನೆಗಳ ಹೆಣ್ಣುಮಕ್ಕಳು ಪರೀಕ್ಷೆ ಬರೆದು ನಮ್ಮ ಸಂಸ್ಥೆಗೆ ಹೆಸರು ತರುತ್ತಿದ್ದಾರೆ. ಪೆನ್ನಿನ ಬಗೆಗಿದ್ದ ಹೆದರಿಕೆ ಹೋಯಿತು, ಇದೂ ಹೋದೀತು. ಮಗಳೇ, ನೀನು ಅಂದು ಕೇಳಿದ ಪ್ರಶ್ನೆಗೆ ಇದೇ ನನ್ನ ಉತ್ತರ. ಈ ಸಂಚಿಕೆಯನ್ನು ಮನೆಗೆ ಒಯ್ದು ನಾನಿಗೆ ಓದಿ ಹೇಳು.