ಆಟದ ಮನೆಯ ಕಿರ್ದಿ

ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ನೆಯ ಇಸವಿಯಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಮೂರನೆಯ ಅಧಿಕರಣದ ಕಡೆಯ ಅಧ್ಯಾಯವು ದ್ಯೂತವನ್ನು ಕುರಿತದ್ದಾಗಿದೆ. ಜೂಜನ್ನು ನಿಲ್ಲಿಸಬೇಕೆಂದು ಅಲ್ಲಿ ಹೇಳಿಲ್ಲ. ಒಂದೇ ಸ್ಥಳದಲ್ಲಿ, ದ್ಯೂತಾಧ್ಯಕ್ಷನೆಂಬ ಅಧಿಕಾರಿಯ ಕಣ್ಣೆದುರಿಗೆ ಆಡಿಸಬೇಕೆಂದೂ, ಬೇರೆಡೆಯಲ್ಲಿ ಆಡಿದವರಿಗೆ ೧೨ ಪಣಗಳ ದಂಡವೆಂದೂ ವಿಧಿಸಿದೆ. ದಾಳಗಳನ್ನು ಅಧ್ಯಕ್ಷನೇ ಒದಗಿಸತಕ್ಕದ್ದು. ಅವನ್ನು ಬದಲಾಯಿಸಿದವನು ದಂಡಾರ್ಹನು. ಗೆದ್ದ ಹಣದಲ್ಲಿ ನೂರಕ್ಕೆ ಐದರಂತೆ ಅಧ್ಯಕ್ಷನ ಪಾಲು. ಇವೆಲ್ಲಕ್ಕಿಂತಲೂ ಕುತೂಹಲಕರವಾದುದು, ಒಂದೇ ಕಡೆ ಆಡಿಸಬೇಕೆಂಬುದಕ್ಕೆ ಕೌಟಿಲ್ಯನು ಕೊಟ್ಟಿರುವ ಕಾರಣ: ಗುಟ್ಟಾದ ವೃತ್ತಿಯಿಂದ ಹೊಟ್ಟೆ ಹೊರೆಯುವವರನ್ನು ಗುರುತಿಸುವುದಕ್ಕೋಸ್ಕರ. ಸಂತೆಯಲ್ಲಿಯೂ ದೇವಾಲಯದಲ್ಲಿಯೂ ಮುಖಭಾವವನ್ನು ಕಾಪಾಡಿಕೊಳ್ಳಬಲ್ಲ ಮನುಷ್ಯನು ದಾಳ ಉರುಳಿದಾಗ ಕಾಪಾಡಿಕೊಳ್ಳಲಾರನೆಂಬುದನ್ನು ಆ ಶಾಸ್ತ್ರಕಾರನು ಚೆನ್ನಾಗಿ ಬಲ್ಲವನು.

ಆದರೆ ಆ ಅಧ್ಯಕ್ಷನಿಗೆ ಇದ್ದುದು ಎರಡು ಕಣ್ಣುಗಳು ಮತ್ತು ಒಬ್ಬ ಮನುಷ್ಯನ ಜ್ಞಾಪಕಶಕ್ತಿ. ಯಾವನು ಎಷ್ಟು ಹೊತ್ತು ಕುಳಿತನು, ಸೋತ ಮೇಲೆ ಎಷ್ಟು ಸಲ ಮರಳಿ ಬಂದನು ಎಂಬುದನ್ನೆಲ್ಲ ಅವನು ಬರೆದಿಡಲಾರನು. ಇಂದು ಕೈಯಲ್ಲಿರುವ ಫೋನಿನ ಮೇಲೆ ಆಡುವ ಆನ್‌ಲೈನ್ ಆಟಗಳಲ್ಲಿ ಆಟಗಾರನು ತನ್ನ ಮನೆಯ ಜಗಲಿಯಲ್ಲಿ ಕುಳಿತಿದ್ದರೂ, ಆಟವು ನಡೆಯುವುದು ದೂರದೇಶದ ಸರ್ವರ್ ಯಂತ್ರಗಳಲ್ಲಿ. ಬೆರಳಿನ ಒಂದೊಂದು ಚಲನೆಯೂ ಅಲ್ಲಿಗೆ ಹೋಗಿಯೇ ಫಲಿಸಬೇಕಾದುದರಿಂದ, ಒಂದೊಂದೂ ಅಲ್ಲಿ ಬರೆದಿಡಲ್ಪಡುತ್ತದೆ. ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ, ದಿನದ ವ್ಯವಹಾರವನ್ನು ಬಂದಂತೆ ಬರೆಯುವ ಪುಸ್ತಕವು ಕಿರ್ದಿ. ಅದರಿಂದ ಒಬ್ಬೊಬ್ಬನ ಹೆಸರಿಗೆ ಎತ್ತಿ ಬರೆಯುವುದು ಖಾತೆ. ಆಟದ ಮನೆಯ ಕಿರ್ದಿಯು ಆಟಗಾರನ ಖಾತೆಯಾಗಿ, ಆ ಖಾತೆಯೇ ಮಾರಾಟದ ಸರಕಾದುದು ಹೇಗೆಂಬುದು ೪೦ಕ್ಕೂ ಹೆಚ್ಚು ವರ್ಷಗಳ ಚರಿತ್ರೆ.

ಅದರ ಆರಂಭವು ನಿರ್ದೋಷವಾಗಿದ್ದಿತು. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿಯು ೧೯೭೮ರಲ್ಲಿ 'ಮಡ್' ಎಂಬ ಆಟವನ್ನು ಕಟ್ಟಿದನು. ಅವನ ಸಹಪಾಠಿ ರಿಚರ್ಡ್ ಬಾರ್ಟ್ಲ್ ಅದನ್ನು ಮುಂದುವರಿಸಿದನು. ಚಿತ್ರವಿಲ್ಲ, ಧ್ವನಿಯಿಲ್ಲ, ಬರಿಯ ಅಕ್ಷರಗಳಿಂದಲೇ ಒಂದು ಮಾಯಾದೇಶ, ಅದರಲ್ಲಿ ಅನೇಕರು ಏಕಕಾಲದಲ್ಲಿ ಸಂಚರಿಸಬಹುದು. ಅಲ್ಲಿ ಆಟಗಾರನ ಹೆಸರನ್ನೂ ಗಳಿಸಿದ ಅಂಕಗಳನ್ನೂ ಬರೆದಿಡುತ್ತಿದ್ದರು. ಬರೆದಿಡದಿದ್ದರೆ ಮರುದಿನ ಅವನು ಮೊದಲಿನಿಂದ ಆಡಬೇಕಾಗುತ್ತಿತ್ತು. ಅಂದರೆ ಬರಹವು ಆಟಗಾರನ ಉಪಯೋಗಕ್ಕಾಗಿಯೇ ಹುಟ್ಟಿತು.

ಇದೇ ಬಾರ್ಟ್ಲ್ ೧೯೯೬ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಆಟಗಾರರನ್ನು ನಾಲ್ಕು ವಿಧವಾಗಿ ವಿಂಗಡಿಸಿದನು: ಸಾಧಿಸಬಯಸುವವರು, ಹೊಸದನ್ನು ಹುಡುಕುವವರು, ಜನರೊಡನೆ ಬೆರೆಯಬಯಸುವವರು, ಇತರರನ್ನು ಪೀಡಿಸಿ ಸುಖಿಸುವವರು. ಸಂಸ್ಕೃತದ ಲಾಕ್ಷಣಿಕರು ಧೀರೋದಾತ್ತಾದಿಯಾಗಿ ನಾಲ್ಕು ಬಗೆಯ ನಾಯಕರನ್ನು ಹೇಳಿದುದು ವಾಚಕರ ನೆನಪಿಗೆ ಬಂದರೆ ಆಶ್ಚರ್ಯವಿಲ್ಲ. ಆದರೆ ಬಾರ್ಟ್ಲನು ಈ ವಿಂಗಡಣೆಯನ್ನು ಪಡೆದುದು ಯಾರ ಖಾತೆಯನ್ನೂ ಇಣುಕಿ ನೋಡಿ ಅಲ್ಲ. ಅನುಭವಿಗಳಾದ ಆಟಗಾರರು ತಿಂಗಳುಗಟ್ಟಲೆ ತಾವಾಗಿ ನಡೆಸಿದ ಚರ್ಚೆಯಿಂದ. ಹತ್ತು ವರ್ಷ ಕಳೆಯುವಷ್ಟರಲ್ಲಿ ಕೇಳುವ ಅಗತ್ಯವೇ ಉಳಿಯಲಿಲ್ಲ. ೨೦೦೬ರಲ್ಲಿ ವಾಲ್ವ್ ಎಂಬ ಅಮೆರಿಕದ ಸಂಸ್ಥೆಯು ತನ್ನ 'ಹಾಫ್-ಲೈಫ್' ಕಥಾಮಾಲೆಯ ಒಂದು ಆಟದಲ್ಲಿ ಜನರು ಎಲ್ಲೆಲ್ಲಿ ಸಾಯುತ್ತಾರೆಂಬುದನ್ನು ಮನೆಮನೆಗಳಿಂದ ತಾನಾಗಿ ಬರುವಂತೆ ಮಾಡಿ, ನಕ್ಷೆ ಬರೆದು ಎಲ್ಲರಿಗೂ ತೋರಿಸಿತು. ಕಷ್ಟವಾದ ಎಡೆಗಳನ್ನು ತಿದ್ದುವುದು ಉದ್ದೇಶ. ಅದರಲ್ಲಿ ದೋಷವೇನೂ ಕಾಣದು; ಹುಡುಗರೆಲ್ಲರೂ ಒಂದೇ ಲೆಕ್ಕದಲ್ಲಿ ತಪ್ಪಿದರೆ ತಪ್ಪು ಪಾಠದ್ದೆಂದು ತಿಳಿಯುವ ಉಪಾಧ್ಯಾಯನು ಮಾಡುವುದೂ ಅದನ್ನೇ.

ಕೂಟಾಕ್ಷದ, ಎಂದರೆ ಕಳ್ಳದಾಳದ ಭಯವು ಇನ್ನೊಂದು ಬಾಗಿಲನ್ನು ತೆರೆಯಿತು. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಲೋಕಪ್ರಸಿದ್ಧವಾದ ಆಟದೊಡನೆ ಬ್ಲಿಜಾರ್ಡ್ ಸಂಸ್ಥೆಯು 'ವಾರ್ಡನ್' ಎಂಬ ಕಾವಲುಗಾರ ಪ್ರೋಗ್ರಾಮನ್ನು ಆಟಗಾರರ ಕಂಪ್ಯೂಟರಿನೊಳಗೆ ಇಟ್ಟಿತ್ತು. ಅದು ಆಟವನ್ನು ಮಾತ್ರವಲ್ಲದೆ, ಅದೇ ಯಂತ್ರದಲ್ಲಿ ತೆರೆದಿರುವ ಇತರ ಕಿಟಕಿಗಳ ಶೀರ್ಷಿಕೆಗಳನ್ನೂ ಓದುತ್ತಿದೆಯೆಂದು ೨೦೦೫ರಲ್ಲಿ ಬಯಲಾಯಿತು. ಮೋಸಗಾರರನ್ನು ಹಿಡಿಯುವುದಕ್ಕೆ ಹೊರತು ಬೇರಾವುದಕ್ಕೂ ಅಲ್ಲವೆಂದು ಸಂಸ್ಥೆಯವರು ಹೇಳಿದರು. ದ್ಯೂತಾಧ್ಯಕ್ಷನು ದಾಳವನ್ನು ಪರೀಕ್ಷಿಸುವುದು ನ್ಯಾಯವೇ. ಆ ನೆವದಿಂದ ಆಟಗಾರನ ಮನೆಯ ಪೆಟ್ಟಿಗೆಗಳ ಮೇಲಿನ ಚೀಟಿಗಳನ್ನು ಓದಬಹುದೇ ಎಂಬ ಪ್ರಶ್ನೆಯು ಆಗ ಎದ್ದದ್ದು ಇಂದಿಗೂ ಅಡಗಿಲ್ಲ.

ಮುಖ್ಯವಾದ ತಿರುವು ಬಂದುದು ೨೦೦೯ರಲ್ಲಿ. ಆ ವರ್ಷ ಜಿಂಗಾ ಎಂಬ ಸಂಸ್ಥೆಯು ಫೇಸ್‌ಬುಕ್ಕಿನಲ್ಲಿ 'ಫಾರ್ಮ್‌ವಿಲ್' ಎಂಬ ಬೇಸಾಯದ ಆಟವನ್ನು ಆರಂಭಿಸಿತು. ಉಳಬೇಕು, ಬಿತ್ತಬೇಕು, ಹೊತ್ತಿಗೆ ಸರಿಯಾಗಿ ಬಂದು ಕೊಯ್ಯಬೇಕು. ತಡಮಾಡಿದರೆ ಬೆಳೆ ಬಾಡಿಹೋಗುವುದು. ಆಡುವುದಕ್ಕೆ ಹಣವಿಲ್ಲ. ನಿಜವಾದ ಹೊಲದಲ್ಲಿ ಒಂದು ದಿನವೂ ಕೆಸರು ತುಳಿಯದ ಕೋಟ್ಯಂತರ ಜನರು ಈ ಹುಸಿ ಹೊಲಕ್ಕಾಗಿ ನಿದ್ದೆಗೆಟ್ಟರು. ಹಣವಿಲ್ಲದ ಆಟದಿಂದ ಸಂಸ್ಥೆಗೆ ಲಾಭವೆಲ್ಲಿಂದ? ಕೆಲವರು ಮಾತ್ರ ಹಣ ಕೊಟ್ಟು ಆಟದೊಳಗಿನ ಸಾಮಗ್ರಿಯನ್ನು ಕೊಳ್ಳುತ್ತಾರೆ. ಆ ಕೆಲವರು ಯಾರು, ಎಷ್ಟು ಹೊತ್ತಿನಲ್ಲಿ, ಯಾವ ಸೋಲಿನ ಬಳಿಕ ಕೈ ಸಡಿಲಿಸುತ್ತಾರೆಂಬುದನ್ನು ಕಿರ್ದಿಯು ಹೇಳುತ್ತದೆ. ಒಂದು ಗುಂಪಿಗೆ ಒಂದು ರೀತಿಯಾಗಿಯೂ ಇನ್ನೊಂದು ಗುಂಪಿಗೆ ಮತ್ತೊಂದು ರೀತಿಯಾಗಿಯೂ ಆಟವನ್ನು ತೋರಿಸಿ, ಯಾವುದರಿಂದ ಜನರು ಹೆಚ್ಚು ಹೊತ್ತು ನಿಂತರೋ ಅದನ್ನೇ ಉಳಿಸಿಕೊಳ್ಳುವುದು ಅಲ್ಲಿಯ ನಿತ್ಯದ ಪದ್ಧತಿಯಾಯಿತು. ತಮ್ಮದು ಆಟದ ಕಂಪನಿಯ ವೇಷ ಹಾಕಿದ ಲೆಕ್ಕಾಚಾರದ ಕಂಪನಿಯೆಂಬ ಅರ್ಥದ ಮಾತನ್ನು ಜಿಂಗಾದ ಉಪಾಧ್ಯಕ್ಷರಾಗಿದ್ದ ಕೆನ್ ರೂಡಿನ್ ಎಂಬವರು ೨೦೧೧ರಲ್ಲಿ ಬಹಿರಂಗವಾಗಿಯೇ ಆಡಿದರು. ಅದಕ್ಕೆ ಹಿಂದಿನ ಅಕ್ಟೋಬರಿನಲ್ಲಿ, ಈ ಆಟವೂ ಫೇಸ್‌ಬುಕ್ಕಿನ ಮತ್ತೆ ಕೆಲವು ಆಟಗಳೂ ಬಳಕೆದಾರರ ಗುರುತಿನ ಸಂಖ್ಯೆಗಳನ್ನು ಜಾಹೀರಾತುದಾರರಿಗೆ ಸಾಗಿಸುತ್ತಿವೆಯೆಂದು ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯು ಹೊರಗೆಡವಿತ್ತು.

ಕೂಡಿಟ್ಟ ಕಣಜಕ್ಕೆ ಕನ್ನ ಬೀಳುವುದು ಸ್ವಾಭಾವಿಕ. ೨೦೧೧ರ ಏಪ್ರಿಲಿನಲ್ಲಿ ಜಪಾನಿನ ಸೋನಿ ಸಂಸ್ಥೆಯ ಪ್ಲೇಸ್ಟೇಷನ್ ಜಾಲಕ್ಕೆ ಕಳ್ಳರು ನುಗ್ಗಿದರು. ೭ ಕೋಟಿ ೭೦ ಲಕ್ಷ ಖಾತೆಗಳಿಗೆ ಸೇರಿದ ಹೆಸರು, ವಿಳಾಸ, ಹುಟ್ಟಿದ ದಿನಗಳು ಪರರ ಪಾಲಾದವು. ೨೦ನೆಯ ತಾರೀಖು ಜಾಲವನ್ನು ನಿಲ್ಲಿಸಿದ ಸಂಸ್ಥೆಯು, ಕಳವಿನ ಸಂಗತಿಯನ್ನು ಜನರಿಗೆ ತಿಳಿಸಿದುದು ೨೬ರಂದು. ಮೇ ಮೊದಲನೆಯ ತಾರೀಖು ಅದರ ಮುಖ್ಯರಲ್ಲೊಬ್ಬರಾದ ಕಜುವೊ ಹಿರಾಯಿಯವರು ಟೋಕಿಯೋದಲ್ಲಿ ತಲೆಬಾಗಿ ಕ್ಷಮೆ ಕೇಳಿದರು. ಬ್ರಿಟನ್ನಿನ ಅಧಿಕಾರಿಗಳು ೨೦೧೩ರಲ್ಲಿ ವಿಧಿಸಿದ ದಂಡವು ಎರಡೂವರೆ ಲಕ್ಷ ಪೌಂಡು.

ಕೌಟಿಲ್ಯನು ಹೇಳಿದ ಕಾರಣವೂ ಮರುಕಳಿಸದೆ ಇರಲಿಲ್ಲ. ಎಡ್ವರ್ಡ್ ಸ್ನೋಡನ್ ಹೊರತಂದ ಕಾಗದಗಳು ೨೦೧೩ರ ಡಿಸೆಂಬರಿನಲ್ಲಿ ಪ್ರಕಟವಾದಾಗ, ಅಮೆರಿಕ ಮತ್ತು ಬ್ರಿಟನ್ನಿನ ಗೂಢಚಾರ ಇಲಾಖೆಗಳವರು ೨೦೦೮ರ ಸುಮಾರಿನಿಂದಲೇ ಇಂಥ ಆಟಗಳೊಳಗೆ ವೇಷ ಹಾಕಿ ಸುಳಿದಾಡುತ್ತಿದ್ದರೆಂದು ತಿಳಿಯಿತು. ಒಬ್ಬ ಚಾರನು ಇನ್ನೊಬ್ಬ ಚಾರನನ್ನೇ ಬೆನ್ನಟ್ಟದಂತೆ ನೋಡಿಕೊಳ್ಳಲು ಪ್ರತ್ಯೇಕವಾದ ಏರ್ಪಾಡೇ ಬೇಕಾಯಿತಂತೆ! ಯಾವ ಭಯೋತ್ಪಾದಕನಾದರೂ ಹೀಗೆ ಸಿಕ್ಕಿಬಿದ್ದನೆಂದು ಆ ಕಾಗದಗಳು ಹೇಳುವುದಿಲ್ಲ.

೨೦೧೬ರ ಜುಲೈ ತಿಂಗಳಲ್ಲಿ ಆಟವು ಮನೆಯಿಂದ ಬೀದಿಗಿಳಿಯಿತು. ನಯಾಂಟಿಕ್ ಸಂಸ್ಥೆಯ 'ಪೋಕೆಮಾನ್ ಗೋ' ಆಡುವವನು ಫೋನನ್ನು ಹಿಡಿದು ಊರು ತಿರುಗಬೇಕು. ಅವನು ನಡೆದ ದಾರಿಯು ಬರಹಕ್ಕೆ ಬರುತ್ತದೆ. ಜಪಾನಿನಲ್ಲಿ ಸುಮಾರು ೩೦೦೦ ಮೆಕ್‌ಡೊನಾಲ್ಡ್ ಉಪಾಹಾರಗೃಹಗಳು ಹಣ ಕೊಟ್ಟು ಆಟದ ತಾಣಗಳಾದವು. ಜನರು ಮಾಯಾಮೃಗವನ್ನು ಅಟ್ಟಿಕೊಂಡು ಹೋದರು. ಮೃಗವನ್ನು ಎಲ್ಲಿ ನಿಲ್ಲಿಸಬೇಕೆಂಬುದು ಮಾತ್ರ ವ್ಯಾಪಾರದ ಮಾತಾಗಿದ್ದಿತು. ೨೦೨೫ರಲ್ಲಿ ಆಟವನ್ನು ಸ್ಕೋಪ್ಲಿ ಎಂಬ ಸಂಸ್ಥೆಯು ಕೊಂಡುಕೊಂಡಿತು.

ಇಷ್ಟೂ ವಯಸ್ಕರ ಮಾತು. ಆಟವೆಂಬುದು ಮೊದಲಿಗೆ ಮಕ್ಕಳ ಸ್ವತ್ತು. ೧೩ ವರ್ಷಕ್ಕೆ ಕೆಳಗಿನವರ ವಿವರಗಳನ್ನು ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಸಂಗ್ರಹಿಸಕೂಡದೆಂದು ಅಮೆರಿಕವು ೧೯೯೮ರಲ್ಲಿಯೇ ಶಾಸನ ಮಾಡಿತ್ತು. 'ಫೋರ್ಟ್‌ನೈಟ್' ಆಟದ ಒಡೆಯರಾದ ಎಪಿಕ್ ಗೇಮ್ಸ್ ಸಂಸ್ಥೆಯು ಅದನ್ನು ಮೀರಿತೆಂದು ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ಆಪಾದಿಸಿತು. ಮಕ್ಕಳ ವಿವರಗಳನ್ನು ಅಳಿಸಬೇಕೆಂದು ಕೇಳಿದ ತಂದೆತಾಯಿಗಳನ್ನು ಅನಾವಶ್ಯಕವಾಗಿ ಅಲೆಸಿದರೆಂದೂ, ಎಳೆಯರು ಅಪರಿಚಿತರೊಡನೆ ಮಾತನಾಡುವ ಸೌಕರ್ಯವನ್ನು ಯಾರೂ ಕೇಳದೆಯೇ ತೆರೆದಿಟ್ಟಿದ್ದರೆಂದೂ, ಆ ದಾರಿಯಿಂದ ಮಕ್ಕಳು ಬೆದರಿಕೆಗೂ ಪೀಡೆಗೂ ಗುರಿಯಾದರೆಂದೂ ದೂರು. ೨೦೨೨ರ ಡಿಸೆಂಬರಿನಲ್ಲಿ ಸಂಸ್ಥೆಯು ಇದಕ್ಕಾಗಿ ೨೭ ಕೋಟಿ ೫೦ ಲಕ್ಷ ಡಾಲರ್ ದಂಡ ತೆರಲೊಪ್ಪಿತು. ಅರಿಯದೆ ಗುಂಡಿಯೊತ್ತಿ ಹಣ ಕಳೆದುಕೊಂಡವರಿಗೆ ಹಿಂದಿರುಗಿಸಲು ಮತ್ತೆ ೨೪ ಕೋಟಿ ೫೦ ಲಕ್ಷವನ್ನು ಕೊಡಬೇಕಾಯಿತು.

ಭಾರತದಲ್ಲಿ ಈ ವಿಚಾರವು ಮೊದಲು ಜನರ ಬಾಯಿಗೆ ಬಂದುದು ೨೦೨೦ರ ಸೆಪ್ಟೆಂಬರ್ ೨ರಂದು. ಆ ದಿನ ಕೇಂದ್ರ ಸರಕಾರವು 'ಪಬ್ಜಿ' ಮೊದಲಾದ ೧೧೮ ಆ್ಯಪ್‌ಗಳನ್ನು, ಬಳಕೆದಾರರ ವಿವರಗಳನ್ನು ಪರದೇಶದ ಸರ್ವರ್‌ಗಳಿಗೆ ಗುಟ್ಟಾಗಿ ಸಾಗಿಸುತ್ತಿವೆಯೆಂಬ ದೂರುಗಳನ್ನು ಹೇಳಿ, ನಿಷೇಧಿಸಿತು. ಅದಕ್ಕೆ ಮೂರು ವರ್ಷ ಮೊದಲೇ, ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಏಕಮತದಿಂದ ತೀರ್ಪಿತ್ತಿದ್ದರು. ೨೦೨೩ರಲ್ಲಿ ಆದ ವೈಯಕ್ತಿಕ ಡೇಟಾ ಸಂರಕ್ಷಣೆಯ ಶಾಸನವು ೧೮ ವರ್ಷಕ್ಕೆ ಕೆಳಗಿನವರೆಲ್ಲರನ್ನೂ ಮಕ್ಕಳೆಂದೇ ಎಣಿಸಿ, ಅವರ ನಡವಳಿಕೆಯ ಬೆನ್ನುಹತ್ತುವುದನ್ನೂ ಅವರನ್ನು ಗುರಿಮಾಡಿದ ಜಾಹೀರಾತನ್ನೂ ತಡೆಯುತ್ತದೆ. ತಂದೆತಾಯಿಗಳ ಒಪ್ಪಿಗೆಯು ಪರಿಶೀಲನೆಗೆ ನಿಲ್ಲುವಂಥದಾಗಿರಬೇಕೆಂದೂ ಹೇಳುತ್ತದೆ. ೨೦೨೫ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ಮುಖ್ಯ ವಿಧಿಗಳ ಜಾರಿಗೆ ೧೮ ತಿಂಗಳ ಗಡುವನ್ನಿತ್ತವು.

ಆದರೆ ಆಡುತ್ತಿರುವವನು ಬಾಲಕನೋ ವಯಸ್ಕನೋ ಎಂದು ಆಟದ ಮನೆಯು ತಿಳಿಯುವುದು ಹೇಗೆ? ಚೀನಾ ದೇಶವು ೨೦೨೧ರ ಆಗಸ್ಟಿನಲ್ಲಿ ಬಾಲಕರ ಆಟವನ್ನು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ ೮ರಿಂದ ೯ರ ವರೆಗಿನ ಒಂದೇ ಗಂಟೆಗೆ ಇಳಿಸಿತು. ಅದಕ್ಕೆ ಮುಂಚಿನ ತಿಂಗಳಲ್ಲಿ ಅಲ್ಲಿಯ ಟೆನ್ಸೆಂಟ್ ಸಂಸ್ಥೆಯು ರಾತ್ರಿ ಹೊತ್ತು ಬಹಳ ಕಾಲ ಆಡುವವರ ಮುಖವನ್ನೇ ಕ್ಯಾಮೆರದಿಂದ ಪರೀಕ್ಷಿಸತೊಡಗಿತ್ತು. ದೊಡ್ಡವರ ಹೆಸರಿನಲ್ಲಿ ಆಡುವ ಹುಡುಗನು ಇದರಿಂದ ಸಿಕ್ಕಿಬೀಳುವನು, ನಿಜ. ಹಾಗೆಯೇ ದೊಡ್ಡವರ ಖಾತೆಯಲ್ಲಿ ಅದುವರೆಗೆ ಇಲ್ಲದಿದ್ದ ಒಂದು ಕಲಮು, ಅವರ ಮುಖದ್ದು, ಸೇರಿತು.